ಕಾಯುವ ಕೆಲಸ

ಆ ಹಾಳೆ ಇವತ್ತಿಗೂ ನನ್ನ ಫೈಲಿನಲ್ಲಿದೆ. ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಎಡಕ್ಕೆ ನಾನು, ಬಲಕ್ಕೆ ಹುಡುಗ. ನಾನು ಬಾಯಿ ಬಿಟ್ಟಾಗಲೆಲ್ಲ ಎಡಕ್ಕೊಂದು ಗೀಟು, ಅವನು ಬಿಟ್ಟಾಗ ಬಲಕ್ಕೊಂದು. ನಾಲ್ಕು ಗೀಟೆಳೆದು ಐದನೆಯದನ್ನು ಅಡ್ಡ ಹಾಕುವ ಲೆಕ್ಕ. ತಿಪಟೂರಿನಲ್ಲಿ ಕಾಯಿ ಎಣಿಸುವವರು ಗೋಡೆಯ ಮೇಲೆ ಇದ್ದಿಲಲ್ಲಿ ಹಾಕುತ್ತಿದ್ದರಲ್ಲ, ಅದೇ. ಎಡಭಾಗ ಹಾಳೆಯ ಬುಡದವರೆಗೂ ತುಂಬಿಹೋಗಿದೆ. ಬಲಕ್ಕೆ ಒಂದೇ ಕಟ್ಟು, ಅದರ ಪಕ್ಕ ಇನ್ನೆರಡು ಗೀಟು. ಒಟ್ಟು 7.

ಅದು 20 ನಿಮಿಷದ ಪಾಠ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನ ಒಂದು ಪ್ರಾಥಮಿಕ ಶಾಲೆ, ಇಯರ್ ಟೂ ತರಗತಿ, ಅಂದರೆ ಆರೇಳು ವರ್ಷದ ಮಕ್ಕಳು. ನಾನು ಆ ತರಗತಿಯ ಟೀಚಿಂಗ್ ಅಸಿಸ್ಟೆಂಟ್ (ಟಿಎ), ಅಂದರೆ ಶಿಕ್ಷಕಿಯ ಸಹಾಯಕಿ. ವಾರಕ್ಕೊಂದು ಸಂಜೆ ಕಾಲೇಜಿಗೆ ಹೋಗಿ ಅದೇ ಕೆಲಸದ ಲೆವೆಲ್ 3 ಅರ್ಹತೆಗೆ ಓದುತ್ತಿದ್ದೆ. ಓದಿನ ಭಾಗವಾಗಿ ಅಸೆಸರ್ ಶಾಲೆಗೇ ಬಂದು, ಮೂಲೆಯಲ್ಲಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತು, ನಾವು ಮಗುವಿನ ಜೊತೆ ಹೇಗೆ ಕೆಲಸ ಮಾಡುತ್ತೇವೆ ಎಂದು ನೋಡಿ ಬರೆದುಕೊಳ್ಳುತ್ತಾರೆ. ಆ ದಿನ ಬಂದವರು ಅರವತ್ತರ ಹತ್ತಿರದ, ಬೆಳ್ಳಿಗೂದಲಿನ ಹೆಂಗಸು. ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಹುಡುಗ ಬರೆದ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟರು. ತಪ್ಪಿಲ್ಲದ ನಾಲ್ಕು ವಾಕ್ಯ, ದುಂಡಗಿನ ಅಕ್ಷರ, ಮೇಲೆ ತಾರೀಕು. ನನಗೆ ಒಳಗೊಳಗೇ ಹೆಮ್ಮೆ. ಅವರು ಮೆಲ್ಲಗೆ ಕೇಳಿದರು: "ಇದು ಯಾರ ಕೆಲಸ?"

ಅವರ ದನಿಯಲ್ಲಿ ಚುಚ್ಚುಮಾತಿನ ಸುಳಿವಿರಲಿಲ್ಲ. ನಿಜವಾಗಿ ಕೇಳಿದ್ದರು. ಆಮೇಲೆ ತಾವು ಗೀಟು ಹಾಕಿದ್ದ ಹಾಳೆಯನ್ನು ಪುಸ್ತಕದ ಪಕ್ಕಕ್ಕಿಟ್ಟರು.

ಆ ಪ್ರಶ್ನೆ ಎಷ್ಟು ಆಳಕ್ಕೆ ಇಳಿಯಿತು ಎಂದು ಹೇಳಬೇಕಾದರೆ ನಾನು ಅಲ್ಲಿಗೆ ಹೇಗೆ ಬಂದೆ ಎಂದು ಹೇಳಬೇಕು. ನಾನು ಬಿ.ಎಸ್ಸಿ., ಬಿ.ಎಡ್. ತುಮಕೂರಿನಲ್ಲಿ ಆರು ವರ್ಷ ಹೈಸ್ಕೂಲಿಗೆ ಗಣಿತ ಹೇಳಿಕೊಟ್ಟವಳು. ಬೋರ್ಡಿನ ಈ ತುದಿಯಿಂದ ಆ ತುದಿಗೆ ಪ್ರಮೇಯ ಬಿಡಿಸಿ, ಸೀಮೆಸುಣ್ಣದ ಕೈ ಕೊಡವಿ, "ಅರ್ಥ ಆಯ್ತಾ?" ಎಂದರೆ ಅರವತ್ತು ಮಕ್ಕಳು "ಆಯ್ತು ಮಿಸ್" ಎನ್ನುತ್ತಿದ್ದರು. ನಾನೂ ನಂಬುತ್ತಿದ್ದೆ. ಗಂಡನ ಕೆಲಸದ ಮೇಲೆ ಇಲ್ಲಿಗೆ ಬಂದ ಮೇಲೆ ಮಗನನ್ನು ಶಾಲೆಗೆ ಬಿಡಲು ಹೋಗುತ್ತ, ಗೇಟಿನಲ್ಲಿ ನಿಂತು, ಒಂದು ದಿನ ಮಕ್ಕಳಿಗೆ ಪುಸ್ತಕ ಓದಿಸುವ ಸ್ವಯಂಸೇವಕರು ಬೇಕು ಎಂಬ ಚೀಟಿ ನೋಡಿ ಒಳಗೆ ಹೋದೆ. ಅಲ್ಲಿಂದ ಊಟದ ಹೊತ್ತಿನ ಮೇಲ್ವಿಚಾರಣೆ, ಅಲ್ಲಿಂದ ಟಿಎ ಕೆಲಸ. ಲೆವೆಲ್ 3 ಅಂದರೆ ಇಲ್ಲಿನ ಎ ಲೆವೆಲ್ ಮಟ್ಟ, ನಮ್ಮ ಪಿಯುಸಿಗೆ ಹತ್ತಿರ. ಬಿ.ಎಡ್. ಮಾಡಿದವಳು ಮತ್ತೆ ಪಿಯುಸಿ ಮಟ್ಟದ ಓದಿಗೆ ಯಾಕೆ ಕೂರಬೇಕು ಎಂದು ನೆಂಟರೆಲ್ಲ ಕೇಳಿದರು. ಒಬ್ಬರಂತೂ ಮದುವೆ ಮನೆಯಲ್ಲಿ, ಎಲೆ ಮುಂದೆ ಕೂತಾಗ, "ಅಂದ್ರೆ ಆಯಾ ಕೆಲಸನಾಮ್ಮ?" ಅಂದರು. ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ಆಗ ನನ್ನ ಬಳಿ ಉತ್ತರವೂ ಇರಲಿಲ್ಲ. ಆಯಾ ಅಂದರೆ ಕೀಳಲ್ಲ ಎಂದಾದರೂ ಹೇಳಬೇಕಿತ್ತು, ಅದನ್ನೂ ಹೇಳಲಿಲ್ಲ.

ಬುಧವಾರ ಸಂಜೆ ಆರರಿಂದ ಒಂಬತ್ತು ನಮ್ಮ ಕ್ಲಾಸು. ಗಂಡ ಮನೆಗೆ ಬಂದು ಮಗನಿಗೆ ಉಪ್ಪಿಟ್ಟು ಕಲಸಿಕೊಡುವಷ್ಟರಲ್ಲಿ ನಾನು ಬಸ್ ಸ್ಟಾಪಿನಲ್ಲಿರಬೇಕು. ಮಿಲ್ಟನ್ ಕೀನ್ಸ್ ತುಂಬ ರೌಂಡಬೌಟುಗಳು. ಬಸ್ಸು ಪ್ರತಿಯೊಂದನ್ನೂ ಸುತ್ತುವಾಗ ಮಡಿಲಿನ ಪುಸ್ತಕ ಜಾರುತ್ತಿತ್ತು, ಹಿಡಿದುಕೊಂಡೇ ಓದುತ್ತಿದ್ದೆ. ಕ್ಲಾಸಿನಲ್ಲಿ ಹನ್ನೊಂದು ಜನ. ಸೊಮಾಲಿಯಾದ ಒಬ್ಬ ತಾಯಿ, ಹಗಲು ಬಸ್ಸು ಓಡಿಸುವ ಪೋಲೆಂಡಿನ ಒಬ್ಬರು, ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಊಟ ಬಡಿಸುತ್ತಿದ್ದ ಇಲ್ಲಿಯವಳೇ ಆದ ಒಬ್ಬಾಕೆ. ಆಕೆ ಹದಿನಾರಕ್ಕೆ ಶಾಲೆ ಬಿಟ್ಟವಳು. ಪರೀಕ್ಷೆ ಇರುವುದಿಲ್ಲ. ಪ್ರತಿ ಯೂನಿಟ್ಟಿಗೂ ಒಂದು ಪಟ್ಟಿ: 1.1, 1.2, 2.1 ಹೀಗೆ. ಒಂದೊಂದು ಸಾಲಿಗೂ ನಮ್ಮ ಕೆಲಸದಿಂದಲೇ ಸಾಕ್ಷಿ ತೋರಿಸಬೇಕು. 'ವಿವರಿಸಿ' ಎಂದಿದ್ದರೆ ವಿವರಣೆ, 'ವಿಶ್ಲೇಷಿಸಿ' ಎಂದಿದ್ದರೆ ಯಾಕೆ ಎಂಬುದೂ ಬೇಕು. ನಾನು ಮೊದಲ ಸಲ, ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ವಿವರಿಸಿದ ಮನೋವಿಜ್ಞಾನಿ ಪಿಯಾಜೆ ಬಗ್ಗೆ ಪುಟಗಟ್ಟಲೆ ಬರೆದುಕೊಟ್ಟೆ. ವಾಪಸ್ ಬಂತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: ಇದರಲ್ಲಿ ಮಗು ಎಲ್ಲಿ?

ಮಗುವಿನ ರಕ್ಷಣೆಯ ಯೂನಿಟ್ ಮೊದಲು. ಇಲ್ಲಿ ಅದನ್ನು ಸೇಫ್‌ಗಾರ್ಡಿಂಗ್ ಎನ್ನುತ್ತಾರೆ. ಲಂಡನ್ನಿನಲ್ಲಿ 2000ದ ಫೆಬ್ರುವರಿಯಲ್ಲಿ ಸತ್ತ ವಿಕ್ಟೋರಿಯಾ ಕ್ಲಿಂಬಿಯ ಕಥೆಯಿಂದ ಪಾಠ ಶುರುವಾಯಿತು. ಎಂಟು ವರ್ಷದ ಹುಡುಗಿ, ಐವರಿ ಕೋಸ್ಟಿನಿಂದ ಬಂದವಳು, ಸಾಕಬೇಕಾದವರ ಕೈಯಲ್ಲೇ ಹಿಂಸೆಪಟ್ಟು ಸತ್ತಳು. ಆಸ್ಪತ್ರೆಯವರು, ಪೊಲೀಸರು, ಸಮಾಜ ಕಲ್ಯಾಣದವರು ಎಲ್ಲರೂ ಅವಳನ್ನು ಒಂದಲ್ಲ ಒಂದು ಸಲ ನೋಡಿದ್ದರು. ಒಬ್ಬರು ಕಂಡದ್ದನ್ನು ಇನ್ನೊಬ್ಬರದಕ್ಕೆ ಜೋಡಿಸಿ ನೋಡಿದವರಿರಲಿಲ್ಲ. ಲಾರ್ಡ್ ಲೇಮಿಂಗ್ ಅವರ ತನಿಖಾ ವರದಿ 2003ರಲ್ಲಿ ಬಂತು, ಮರುವರ್ಷ ಮಕ್ಕಳ ಕಾಯ್ದೆ ಬಂತು. ಆ ಸಂಜೆ ನಮಗೆ ಹೇಳಿಕೊಟ್ಟ ಒಂದು ಮಾತು ನನಗೆ ತೀರ ಕಷ್ಟವಾಯಿತು. ಮಗು ಗುಟ್ಟು ಹೇಳಲು ಬಂದರೆ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬಾರದು. ನಮ್ಮ ಊರ ಕಡೆ ಅಳುವ ಮಗುವನ್ನು ಮಡಿಲಿಗೆಳೆದು ಮೊದಲು ಹೇಳುವುದೇ ಆ ಮಾತು: "ಯಾರ್ಗೂ ಹೇಳಲ್ಲ, ನನ್ನತ್ರ ಹೇಳು ಕಂದ." ಇಲ್ಲಿ ಹೇಳಬೇಕಾದದ್ದು: ನಿನಗೆ ಸಹಾಯ ಮಾಡಬಲ್ಲವರಿಗೆ ನಾನು ಹೇಳಬೇಕಾಗಬಹುದು. ಕನ್ನಡಿಯ ಮುಂದೆ ನಿಂತು ಆ ವಾಕ್ಯ ಅಭ್ಯಾಸ ಮಾಡಿದೆ. ಎದುರಿಗೆ ಮಗು ಇದೆ ಎಂದುಕೊಂಡರೆ ನಾಲಿಗೆ ತಡವರಿಸುತ್ತಿತ್ತು.

ಈಗ ಹುಡುಗನ ವಿಷಯ. ಹೆಸರು ಹೇಳುವ ಹಾಗಿಲ್ಲ. ಸಾಕ್ಷಿಗಳನ್ನೆಲ್ಲ ಸೇರಿಸುವ ಫೈಲು, ಅಂದರೆ ಪೋರ್ಟ್‌ಫೋಲಿಯೋದಲ್ಲೂ ಅವನು 'ಚೈಲ್ಡ್ ಎ' ಅಷ್ಟೆ. ಗುರುತು ಸಿಗದಂತೆ ಇಲ್ಲೂ ಕೆಲವು ವಿವರ ಬದಲಿಸಿದ್ದೇನೆ. ಮಾತು ಅರ್ಥವಾಗುತ್ತದೆ, ಆದರೆ ಹೇಳಲು ಪದ ಹುಡುಕಿಕೊಳ್ಳಲು ಅವನಿಗೆ ಹೊತ್ತು ಬೇಕು. ಅಕ್ಷರ ಕಂಡರೆ ಭಯ. ಅವನ ಹೆಸರಿನಲ್ಲಿ ಇಎಚ್‌ಸಿ ಪ್ಲಾನ್ ಎಂಬ ಕಾನೂನುಬದ್ಧ ದಾಖಲೆಯಿದೆ. ಓದು, ಆರೋಗ್ಯ, ಆರೈಕೆ ಮೂರನ್ನೂ ಸೇರಿಸಿ ಇವನಿಗೆ ಇಂತಿಂಥ ನೆರವು ಸಿಗಲೇಬೇಕು ಎಂದು ಸ್ಥಳೀಯ ಆಡಳಿತ ಬರೆದುಕೊಟ್ಟದ್ದು. 2014ರ ಕಾಯ್ದೆಯಿಂದ ಬಂದ ವ್ಯವಸ್ಥೆ, 25 ವರ್ಷದವರೆಗೂ ಅನ್ವಯಿಸುತ್ತದೆ. ಇದರ ಬೇರು 1978ರ ವಾರ್ನಾಕ್ ವರದಿಯಲ್ಲಿದೆ. ಐದು ಮಕ್ಕಳಲ್ಲಿ ಒಬ್ಬರಿಗೆ ಶಾಲೆಯ ವರ್ಷಗಳಲ್ಲಿ ಯಾವಾಗಲಾದರೂ ವಿಶೇಷ ನೆರವು ಬೇಕಾಗುತ್ತದೆ ಎಂದು ಮೇರಿ ವಾರ್ನಾಕ್ ಸಮಿತಿ ಹೇಳಿತ್ತು. ತುಮಕೂರಿನ ನನ್ನ ಅರವತ್ತು ಮಕ್ಕಳ ತರಗತಿಗೆ ಆ ಲೆಕ್ಕ ಹಾಕಿದರೆ ಹನ್ನೆರಡು ಮಕ್ಕಳು. ಹಿಂದಿನ ಬೆಂಚಿನ ಒಂದಿಬ್ಬರ ಮುಖ ನೆನಪಿದೆ. ಉಳಿದವರು ಯಾರು ಎಂದು ನನಗೆ ಗೊತ್ತೇ ಇರಲಿಲ್ಲ. ಅವರೂ "ಆಯ್ತು ಮಿಸ್" ಅಂದಿದ್ದರು.

ನನ್ನ ಬೆಳಗಿನ ಅರ್ಧ ಗಂಟೆ ಹುಡುಗನ ಜೊತೆ ಫೋನಿಕ್ಸ್. ಇಂಗ್ಲಿಷಿಗೆ ಅಕ್ಷರ 26, ಧ್ವನಿ ಸುಮಾರು 44. ಹಾಗಾಗಿ ಎಬಿಸಿಡಿ ಹೇಳಿಕೊಡುವುದಿಲ್ಲ, ಧ್ವನಿ ಹೇಳಿಕೊಡುತ್ತಾರೆ. ತರಬೇತಿಯಲ್ಲಿ 'ಶುದ್ಧ ಧ್ವನಿ' ಹೇಳಿಸಿದರು. ಎಸ್ ಅಕ್ಷರಕ್ಕೆ 'ಸ' ಅನ್ನಬಾರದು, 'ಸ್' ಅನ್ನಬೇಕು, ಟಿಗೆ 'ಟ' ಅಲ್ಲ, 'ಟ್'. ಇಲ್ಲಿಯವರಿಗೇ ಅದು ಕಷ್ಟ, ಹಿಂದೊಂದು ಸ್ವರ ಬಂದು ಅಂಟಿಕೊಳ್ಳುತ್ತದೆ. ನನಗೆ ನೀರು ಕುಡಿದಷ್ಟು ಸಲೀಸು. ವ್ಯಂಜನಕ್ಕೆ ಅರ್ಧ ಮಾತ್ರೆ, ಸ್ವರ ಸೇರಿದರೆ ಗುಣಿತಾಕ್ಷರ ಎಂದು ಒಂದನೇ ಕ್ಲಾಸಿನಿಂದ ಕಾಗುಣಿತ ಬರೆದ ಕೈ ಇದು. ತರಬೇತುದಾರರು ನನ್ನಿಂದ ಎಲ್ಲರಿಗೂ ಮತ್ತೊಮ್ಮೆ ಹೇಳಿಸಿದರು. ಇಂಗ್ಲೆಂಡಿಗೆ ಬಂದ ಮೇಲೆ ನನ್ನ ಕನ್ನಡ ಒಂದು ತರಗತಿಯಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಅದೇ ಕನ್ನಡ ಇನ್ನೊಂದು ಕಡೆ ತೊಡರುಗಾಲು ಹಾಕಿತು. ನಮಗೆ ಇರುವುದು ಒಂದೇ 'ವ'. ಇಲ್ಲಿ ತುಟಿ ದುಂಡಗೆ ಮಾಡಿ ಹೇಳುವುದೊಂದು, ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ಹೇಳುವುದೊಂದು. ಒದ್ದೆ ಎಂಬ ಪದವೂ (wet) ದನದ ಡಾಕ್ಟರ್ ಎಂಬ ಪದವೂ (vet) ನನ್ನ ಬಾಯಲ್ಲಿ ಒಂದೇ ಆಗುತ್ತಿದ್ದವು. ಮೂರು ತಿಂಗಳು ಪಾತ್ರೆ ತೊಳೆಯುವಾಗ ಹೇಳಿ ಹೇಳಿ ಸರಿಮಾಡಿಕೊಂಡೆ. ಓದಲು ಕಷ್ಟಪಡುವ ಮಗುವಿಗೆ ನನ್ನ ನಾಲಿಗೆಯಿಂದ ಇನ್ನೊಂದು ಕಷ್ಟ ಸೇರಬಾರದು.

ಅಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು, ಈಗ ನಿವೃತ್ತಿ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಒಂದು ದಿನ ಹೇಳಿದೆ: "ಅಮ್ಮ, ಇಲ್ಲಿ ಎ ಬಿ ಸಿ ಡಿ ಇಂದ ಶುರು ಮಾಡಲ್ಲ. ಎಸ್, ಎ, ಟಿ, ಪಿ, ಐ, ಎನ್ ಮೊದಲು. ಆ ಆರರಲ್ಲೇ ಸ್ಯಾಟ್, ಪಿನ್, ಟಿನ್, ನ್ಯಾಪ್ ಎಲ್ಲ ಓದ್ಬೋದು."

ಅಮ್ಮ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ. "ರ ಗ ಸ ದ ಅ," ಅಂದರು.

ನಲಿ-ಕಲಿ! ನನಗೆ ಹೊಳೆದೇ ಇರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ಶುರುಮಾಡಿದ ಕಲಿಕಾ ಪದ್ಧತಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲೂ ಅ ಆ ಇ ಈ ಇಂದ ಶುರುವಿಲ್ಲ. ರ, ಗ, ಸ, ದ, ಅ ಮೊದಲು. ಐದೇ ಅಕ್ಷರದಲ್ಲಿ ಸರ, ದರ, ರಸ, ಅರಸ, ಅಗಸ ಓದಬಹುದು. ತರಬೇತಿಗೆ ಹೋಗಿ ಬಂದ ದಿನ ಅಮ್ಮ ಎಷ್ಟು ಸಿಟ್ಟಾಗಿದ್ದರು ಎಂದು ನನಗೆ ನೆನಪಿದೆ. "ಅ ಆ ಬಿಟ್ಟು ರಗಸದ ಅಂತೆ, ಮೂವತ್ತು ವರ್ಷ ನಾವು ಕಲಿಸಿದ್ದೇನು ಸುಳ್ಳಾ?" ಎಂದು ಸೆರಗು ಕೊಡವಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ತಲೆಯ ಮೇಲೆ ದಾರ ಕಟ್ಟಿ ಕಲಿಕಾ ಚಪ್ಪರ ತೂಗಿಬಿಟ್ಟು, ನೆಲದ ಮೇಲೆ ಮಕ್ಕಳ ನಡುವೆ ಮಂಡಿನೋವಿನಲ್ಲೇ ಕೂರುತ್ತಿದ್ದರು. ನಾನು ಆಗ ಹೈಸ್ಕೂಲ್ ಟೀಚರ್. ಪ್ರೈಮರಿಯವರದ್ದು ಆಟ ಎಂದುಕೊಂಡು ಅಮ್ಮನ ತರಗತಿಯನ್ನು ಬಾಗಿಲಲ್ಲೇ ನಿಂತು ನೋಡಿ ಬಂದಿದ್ದೆ. ಒಳಗೆ ಹೋಗಿ ಕೂತಿದ್ದರೆ ಎಷ್ಟು ಕಲಿಯುತ್ತಿದ್ದೆ.

ಅಸೆಸರ್ ಬಂದ ಆ ದಿನಕ್ಕೆ ವಾಪಸ್ ಬರುತ್ತೇನೆ. ಇಪ್ಪತ್ತು ನಿಮಿಷದಲ್ಲಿ ಆದದ್ದು ಇದು. ಹುಡುಗ ಕುರ್ಚಿಗೆ ಬಂದ. ಪೆನ್ಸಿಲ್ ಮೊಂಡಾಗಿತ್ತು, ನಾನು ಚೂಪು ಮಾಡಿಕೊಟ್ಟೆ. ತಾರೀಕು ಬರೆಯಲು ಹೊತ್ತು ಹಿಡಿಯುತ್ತದೆ ಎಂದು ನಾನೇ ಬರೆದೆ. ಪುಟ ತಿರುಗಿಸಿದೆ. ಪ್ರಶ್ನೆ ಓದಿದೆ. ಅವನು ಬಾಯಿ ತೆರೆಯುವ ಮೊದಲೇ ಅದನ್ನೇ ಇನ್ನೊಂದು ಥರ ಕೇಳಿದೆ, ಆಮೇಲೆ ಸುಲಭ ಮಾಡಿ ಕೇಳಿದೆ, ಆಮೇಲೆ ಉತ್ತರದ ಮೊದಲ ಅಕ್ಷರ ಹೇಳಿದೆ. ಅವನು ನನ್ನ ತುಟಿ ನೋಡುತ್ತಿದ್ದ. ಪುಸ್ತಕವನ್ನಲ್ಲ, ನನ್ನ ತುಟಿ. ಒಂದು ವಾಕ್ಯವನ್ನು ನಾನು ಹಾಳೆಯ ಚೂರಿನ ಮೇಲೆ ಬರೆದುಕೊಟ್ಟೆ, ಅವನು ನೋಡಿ ಬರೆದ. ಅಳಿಸಬೇಕಾದಲ್ಲಿ ನಾನು ಅಳಿಸಿದೆ. ಪಾಠದ ಕೊನೆಗೆ ಬೇರೆ ಎಲ್ಲ ಮಕ್ಕಳಷ್ಟೇ ಅವನದ್ದೂ ಮುಗಿದಿತ್ತು. ಅದೇ ನನಗೆ ಮುಖ್ಯವಾಗಿತ್ತು. ಅವನು ಹಿಂದೆ ಬೀಳಬಾರದು, ಅವನ ಪುಟ ಖಾಲಿ ಇರಬಾರದು, ಬೇರೆ ಮಕ್ಕಳು ಅವನ ಪುಸ್ತಕ ನೋಡಿ ನಗಬಾರದು. ಇದೆಲ್ಲ ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಗೀಟುಗಳು ಸುಳ್ಳು ಹೇಳುತ್ತಿರಲಿಲ್ಲ.

ಆ ವಾರ ನಮಗೆ ಓದಲು ಕೊಟ್ಟದ್ದು ಡಿಸ್ ಎಂದು ಕರೆಯುವ ದೊಡ್ಡ ಅಧ್ಯಯನದ ಬಗ್ಗೆ. ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್‌ನ ಪೀಟರ್ ಬ್ಲ್ಯಾಚ್‌ಫರ್ಡ್ ಮತ್ತು ಸಂಗಡಿಗರು 2003ರಿಂದ ವರ್ಷಗಟ್ಟಲೆ ಶಾಲೆಗಳನ್ನು ನೋಡಿ 2009ರಲ್ಲಿ ವರದಿ ಕೊಟ್ಟರು. ಸಹಾಯಕರ ನೆರವು ಅತಿ ಹೆಚ್ಚು ಸಿಕ್ಕ ಮಕ್ಕಳು, ಅಂಥದ್ದೇ ಮಟ್ಟದ, ಆದರೆ ಕಡಿಮೆ ನೆರವು ಸಿಕ್ಕ ಮಕ್ಕಳಿಗಿಂತ ಓದಿನಲ್ಲಿ ಕಡಿಮೆ ಮುಂದುವರಿದಿದ್ದರು. ಅಡುಗೆಮನೆಯ ಮೇಜಿನ ಮೇಲೆ ರಾತ್ರಿ ಹನ್ನೊಂದಕ್ಕೆ ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಹಾಗಾದರೆ ನಾನು ಆ ಮಗುವಿನ ಪಕ್ಕ ಕೂರುವುದೇ ಅವನಿಗೆ ಕೆಟ್ಟದ್ದೇ? ಅರ್ಧ ಗಂಟೆ ಸುಮ್ಮನೆ ಕೂತಿದ್ದು ಮತ್ತೆ ತೆರೆದೆ. ಮುಂದಿನ ಪುಟಗಳಲ್ಲಿ ಕಾರಣಗಳಿದ್ದವು. ತಪ್ಪು ಸಹಾಯಕರದ್ದಲ್ಲ, ಅವರನ್ನು ಬಳಸುವ ರೀತಿಯದು. ಅವರಿಗೆ ತರಬೇತಿ ಕಡಿಮೆ. ಪಾಠ ಏನೆಂದು ಶಿಕ್ಷಕರ ಜೊತೆ ಕೂತು ಮಾತಾಡಲು ಹೊತ್ತೇ ಸಿಗುವುದಿಲ್ಲ. ಕಷ್ಟಪಡುವ ಮಗುವಿಗೆ ಸಹಾಯಕರು ಸಿಕ್ಕಿದರೆ ಶಿಕ್ಷಕರು ಆ ಮಗುವಿನಿಂದ ದೂರವಾಗುತ್ತಾರೆ. ಇನ್ನು ಸಹಾಯಕರ ಗಮನ ಮಗು ಕಲಿಯುವುದರ ಮೇಲಿರುವುದಕ್ಕಿಂತ ಕೆಲಸ ಮುಗಿಸುವುದರ ಮೇಲಿರುತ್ತದೆ. ಆ ಕೊನೆಯ ಸಾಲಿನಲ್ಲಿ ನಾನಿದ್ದೆ.

ಶಿಕ್ಷಕರ ಜೊತೆ ಮಾತಾಡಲು ಹೊತ್ತಿಲ್ಲ ಎಂಬ ಸಾಲಿನಲ್ಲೂ ನಾನಿದ್ದೆ. ನನಗೆ ಸಂಬಳ ಶುರುವಾಗುವುದು ಮಕ್ಕಳು ಒಳಬರುವ ಹೊತ್ತಿಗೆ, ಮುಗಿಯುವುದು ಅವರು ಹೊರಡುವ ಹೊತ್ತಿಗೆ. ಈ ಪಾಠದಲ್ಲಿ ಅವನು ಏನು ಕಲಿಯಬೇಕು ಎಂದು ಎಷ್ಟೋ ದಿನ ಶಿಕ್ಷಕಿ ತರಗತಿಗೆ ಹೇಳುವಾಗಲೇ ಅವನ ಜೊತೆ ನಾನೂ ಕೇಳುತ್ತಿದ್ದೆ. ಹತ್ತು ನಿಮಿಷ ಮೊದಲೇ ಸಿಕ್ಕರೂ ಸಾಕು ಎಂದು ಎರಡು ಸಲ ಕೇಳಿದೆ. ಮೂರನೇ ಸಲ ಬರೆದು ಕೊಟ್ಟೆ, ಸಿಕ್ಕಿತು. ಸೋಮವಾರ ಬೆಳಿಗ್ಗೆ ಹತ್ತು ನಿಮಿಷ, ಅಷ್ಟೇ. ಆ ಹತ್ತು ನಿಮಿಷದಿಂದ ಆದ ಬದಲಾವಣೆ ನೋಡಿದ ಮೇಲೆ, ದುಡ್ಡು ಉಳಿಸಲೆಂದು ಇದನ್ನು ಕೊಡದಿರುವ ಶಾಲೆಗಳು ಮಕ್ಕಳ ಹೊತ್ತನ್ನು ಕಳೆಯುತ್ತಿವೆ ಎಂದೇ ನನಗೆ ಅನ್ನಿಸುತ್ತದೆ.

ಮುಂದಿನ ಭಾನುವಾರ ಗೀಟಿನ ಹಾಳೆಯ ಕಥೆಯನ್ನು ಅಮ್ಮನಿಗೆ ಹೇಳಿದೆ. ಕಾಲೇಜಿನಲ್ಲಿ ಕೊಟ್ಟ ಒಂದು ಚಿತ್ರವನ್ನೂ ಫೋನಿಗೆ ಹಿಡಿದು ತೋರಿಸಿದೆ. ಐದು ಮೆಟ್ಟಿಲು. ಎಲ್ಲಕ್ಕಿಂತ ಮೇಲೆ, ಮಗು ತಾನೇ ಮಾಡುವುದು, ನಾವು ಸುಮ್ಮನೆ ನೋಡುವುದು. ಅದಾಗದಿದ್ದರೆ "ಮುಂದೇನು ಮಾಡ್ತೀಯ?" ಎಂದು ಎಚ್ಚರಿಸುವುದು. ಅದೂ ಆಗದಿದ್ದರೆ ಒಂದು ಸುಳಿವು. ಆಮೇಲೆ ಮಾಡಿ ತೋರಿಸುವುದು. ತಿದ್ದಿಕೊಡುವುದು ಕಟ್ಟಕಡೆಗೆ. ನಾನು ನೇರ ಕಟ್ಟಕಡೆಯದರಿಂದ ಶುರು ಮಾಡುತ್ತಿದ್ದೆ.

"ನಮ್ಮಲ್ಲೂ ಐದು ಗುಂಪು ಇರಲಿಲ್ವೇನೇ?" ಅಂದರು ಅಮ್ಮ. ಬೆರಳು ಮಡಚಿ ಹೇಳಿದರು. ಟೀಚರ್ ಪೂರ್ತಿ ಬೆಂಬಲ ಕೊಡೋ ಗುಂಪು, ಟೀಚರ್ ಸ್ವಲ್ಪ ಕೊಡೋ ಗುಂಪು, ಜೊತೆ ಮಕ್ಕಳೇ ಪೂರ್ತಿ ಕೊಡೋದು, ಜೊತೆ ಮಕ್ಕಳು ಸ್ವಲ್ಪ ಕೊಡೋದು, ಕೊನೆಗೆ ಸ್ವಕಲಿಕೆ. "ಮಗು ಒಂದು ಗುಂಪಿಂದ ಎದ್ದು ಇನ್ನೊಂದಕ್ಕೆ ಹೋಗ್ಬೇಕು. ಮೊದಲ್ನೇ ಗುಂಪಲ್ಲೇ ವರ್ಷಪೂರ್ತಿ ಕೂರ್ಸ್ಕೊಂಡ್ರೆ ಅದು ನಿನ್ನ ಸೆರಗು ಬಿಡಲ್ಲ ಕಣೇ." ಸ್ವಲ್ಪ ಹೊತ್ತು ಬಿಟ್ಟು, "ನಂಗೂ ಅದು ಬರಕ್ಕೆ ವರ್ಷ ಹಿಡೀತು," ಅಂದರು.

ಈ ನೆರವಿಗೆ ಇಂಗ್ಲಿಷ್ ಪುಸ್ತಕಗಳಲ್ಲಿ ಕಟ್ಟಡ ಕಟ್ಟುವವರ ಪದವನ್ನೇ ಬಳಸುತ್ತಾರೆ, ನಮ್ಮ ಸಾರುವೆ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಮೂರರಿಂದ ಐದು ವರ್ಷದ ಮಕ್ಕಳ ಕೈಯಲ್ಲಿ 21 ಮರದ ತುಂಡುಗಳ ಗೋಪುರ ಕಟ್ಟಿಸಿ, ಹೇಳಿಕೊಡುವವರು ಯಾವಾಗ ಕೈ ಹಾಕುತ್ತಾರೆ, ಯಾವಾಗ ಬಿಡುತ್ತಾರೆ ಎಂದು ನೋಡಿ ಆ ಹೆಸರು ಕೊಟ್ಟರು. ಓದುವಾಗ ನನಗೆ ಕಂಡದ್ದು ನಾವು ಊರಲ್ಲಿ ಮನೆಗೆ ಮಹಡಿ ಕಟ್ಟಿಸಿದ ವರ್ಷ. ಮನೆಯ ಸುತ್ತ ಸರ್ವೆ ಗಳುಗಳನ್ನು ಹಗ್ಗದಲ್ಲಿ ಕಟ್ಟಿ ಸಾರುವೆ ಹಾಕಿದ್ದರು. ಗೋಡೆಯೊಳಗೆ ಅಲ್ಲಲ್ಲಿ ಗಳುವಿನ ತುದಿ ಸೇರಿಸಲು ತೂತು ಬಿಟ್ಟಿದ್ದರು. ಮೇಸ್ತ್ರಿ ಮೇಲಿನಿಂದ ಗಾರೆ ಮಾಡುತ್ತ ಇಳಿಯುತ್ತಿದ್ದ. ಒಂದೊಂದು ಅಂತಸ್ತು ಇಳಿದಾಗಲೂ ಆ ಅಂತಸ್ತಿನ ಗಳು ಬಿಚ್ಚಿ, ಅದು ಇದ್ದ ತೂತನ್ನು ಇಟ್ಟಿಗೆ ಚೂರಿನಿಂದ ಮುಚ್ಚಿ, ಮೇಲೆ ಗಾರೆ ಸವರುತ್ತಿದ್ದ. ಕೊನೆಗೆ ಎಲ್ಲಿ ಗಳು ಇತ್ತು ಎಂದು ಗೊತ್ತಾಗುತ್ತಿರಲಿಲ್ಲ. ಈ ಪ್ಯಾರಾವನ್ನು ಇಂಗ್ಲಿಷಿನಲ್ಲಿ ಬರೆದು ನನ್ನ ಪೋರ್ಟ್‌ಫೋಲಿಯೋಗೂ ಹಾಕಿದೆ. ಈ ಸಲ ವಾಪಸ್ ಬರಲಿಲ್ಲ.

ಗೊತ್ತಾಯಿತು, ಆದರೆ ಮಾಡುವುದು ಬೇರೆಯೇ ಕಷ್ಟ. ಅಮೆರಿಕದ ಮೇರಿ ಬಡ್ ರೋ ಎಂಬುವರು 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಟೇಪಿನಲ್ಲಿ ಹಿಡಿದು ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಯಿತು, ಎಂದೂ ಬಾಯಿ ಬಿಡದವರು ಮಾತಾಡಿದರು, "ಗೊತ್ತಿಲ್ಲ" ಎನ್ನುವುದು ಕಡಿಮೆಯಾಯಿತು. ಮೂರು ಸೆಕೆಂಡು ಎಷ್ಟು ಉದ್ದ ಎಂದು ಮಗುವಿನ ಮುಂದೆ ಕೂತವರಿಗೇ ಗೊತ್ತು. ನನ್ನ ಹುಡುಗನಿಗೆ ಮೂರು ಸಾಲದು, ಹತ್ತು ಬೇಕು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಪೆನ್ಸಿಲಿಗೆ ಹೋಗದ ಹಾಗೆ ಅದುಮಿ ಕೂತು, ಮನಸ್ಸಿನಲ್ಲಿ ಎಣಿಸತೊಡಗಿದೆ. ಇಂಗ್ಲಿಷಿನಲ್ಲಿ ಎಣಿಸಿದರೆ ಬಾಯಿ ಅಲುಗಿಬಿಡುತ್ತಿತ್ತು, ಅವನು ನನ್ನ ತುಟಿ ನೋಡುತ್ತಿದ್ದ. ಕನ್ನಡದಲ್ಲಿ ಎಣಿಸಿದರೆ ಒಳಗೇ ಉಳಿಯುತ್ತಿತ್ತು. ಒಂದು, ಎರಡು, ಮೂರು. ಮೊದಮೊದಲು ಹತ್ತು ಮುಟ್ಟಿದರೂ ಏನೂ ಬರುತ್ತಿರಲಿಲ್ಲ. ಅವನು ಕಾಯುತ್ತಿದ್ದ, ನಾನು ಹೇಳಲಿ ಎಂದು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕೂತಿದ್ದೆವು.

ನಮ್ಮ ಭಾಷೆಯಲ್ಲಿ ಈ ಪದ ಎಷ್ಟು ಚೆನ್ನಾಗಿದೆ ಎಂದು ಆ ದಿನಗಳಲ್ಲೇ ಹೊಳೆದದ್ದು. ಬಸ್ಸಿಗೆ ಕಾಯುವುದೂ ಕಾಯುವುದೇ, ದನ ಕಾಯುವುದೂ ಕಾಯುವುದೇ, ದೇವರು ಕಾಯುವುದೂ ಅದೇ. ಕಾಲೇಜಿನಲ್ಲಿ ಎರಡು ಬೇರೆ ಬೇರೆ ಯೂನಿಟ್ಟಿನಲ್ಲಿ, ಎರಡು ಬೇರೆ ಪದದಲ್ಲಿ ಕಲಿತದ್ದನ್ನು ನಾನು ಮನೆಗೆ ಬರುವ ಬಸ್ಸಿನಲ್ಲಿ ಒಂದೇ ಪದದಲ್ಲಿ ಯೋಚಿಸುತ್ತಿದ್ದೆ.

ಕ್ಲಾಸಿನಲ್ಲಿ ಊಟ ಬಡಿಸುವ ಆ ಗೆಳತಿ ಗಣಿತದ ಅರ್ಹತೆಯನ್ನೂ ಜೊತೆಗೇ ಮಾಡಬೇಕಿತ್ತು. ಬಿಡುವಿನಲ್ಲಿ ಭಿನ್ನರಾಶಿ ಹೇಳಿಕೊಡು ಎಂದಳು. ನನ್ನದೇ ವಿಷಯ. ಐದು ನಿಮಿಷದಲ್ಲಿ ಅವಳ ಕೈಯಿಂದ ಪೆನ್ಸಿಲ್ ನನ್ನ ಕೈಗೆ ಬಂದಿತ್ತು, ಯಾವಾಗ ತೆಗೆದುಕೊಂಡೆ ಎಂದು ನನಗೇ ಗೊತ್ತಿಲ್ಲ. ಅವಳು ಮಾತಾಡದೆ, ಮಗುವಿನ ಕೈಯಿಂದ ಗಾಜಿನ ಲೋಟ ತೆಗೆದುಕೊಳ್ಳುವಷ್ಟು ನಯವಾಗಿ ಅದನ್ನು ವಾಪಸ್ ತೆಗೆದುಕೊಂಡಳು. ಛೇದ ಸಮ ಮಾಡಲು ಅವಳಿಗೆ ಮೂರು ಬುಧವಾರ ಹಿಡಿಯಿತು. ನಾಲ್ಕನೆಯ ಬುಧವಾರ ಅವಳೇ ಪೋಲೆಂಡಿನವರಿಗೆ ಹೇಳಿಕೊಡುತ್ತಿದ್ದಳು.

ಬೆಂಗಳೂರಿನಲ್ಲಿ ನನ್ನ ಚಿಕ್ಕಮ್ಮನ ಮೊಮ್ಮಗನಿಗೂ ಇಂಥದ್ದೇ ನೆರವು ಬೇಕು. ಅಲ್ಲಿ 'ಶ್ಯಾಡೋ ಟೀಚರ್' ಎನ್ನುತ್ತಾರೆ. ಸಂಬಳ ಅಪ್ಪ ಅಮ್ಮನೇ ಕೊಡುತ್ತಿದ್ದಾರೆ, ಶಾಲೆಯ ಫೀಸಿನ ಮೇಲೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಹೆಸರಿಸಿ, ಎಲ್ಲರ ಜೊತೆ ಕೂತು ಓದುವ ಹಕ್ಕು ಕೊಟ್ಟಿದೆ. ಚಿಕ್ಕಮ್ಮನ ಮೊಮ್ಮಗನ ಪಕ್ಕ ಕೂರುವ ಹುಡುಗಿಗೆ ಈ ಕೆಲಸದ ಬಗ್ಗೆ ಹೇಳಿಕೊಟ್ಟವರು ಯಾರೂ ಇಲ್ಲ. ಒಳ್ಳೆಯ ಹುಡುಗಿ, ಅವನೆಂದರೆ ಪ್ರಾಣ. ಅವನ ನೋಟ್ಸೆಲ್ಲ ಅವಳೇ ಬರೆಯುತ್ತಾಳಂತೆ. ಅವಳ ಜೊತೆ ಈಗ ತಿಂಗಳಿಗೆರಡು ಸಲ ಫೋನಿನಲ್ಲಿ ಮಾತಾಡುತ್ತೇನೆ. ಗೀಟಿನ ಹಾಳೆಯ ಫೋಟೋ ಕಳಿಸಿದ್ದೇನೆ, ನನ್ನ ಹಾಳೆಯದ್ದೇ.

ಜೂನಿನಲ್ಲಿ ಫೋನಿಕ್ಸ್ ತಪಾಸಣೆ ಬಂತು. 2012ರಿಂದ ಇಲ್ಲಿ ಇಯರ್ ಒನ್ ಮಕ್ಕಳೆಲ್ಲರಿಗೂ ಮಾಡುತ್ತಾರೆ, ಅಲ್ಲಿ ಆಗದವರಿಗೆ ಇಯರ್ ಟೂನಲ್ಲಿ ಇನ್ನೊಮ್ಮೆ. 40 ಪದ ಓದಬೇಕು. 20 ನಿಜವಾದವು, 20 ಅರ್ಥವೇ ಇಲ್ಲದವು. ಅರ್ಥವಿಲ್ಲದ್ದರ ಪಕ್ಕ ಒಂದು ವಿಚಿತ್ರ ಪ್ರಾಣಿಯ ಚಿತ್ರವಿರುತ್ತದೆ. 32 ಬಂದರೆ ಪಾಸು. ನನ್ನ ಹುಡುಗನಿಗೆ ಬರಲಿಲ್ಲ. ಹಿಂದಿನ ವರ್ಷಕ್ಕಿಂತ ಎಷ್ಟೋ ಹೆಚ್ಚು ಬಂದಿತ್ತು, ಆದರೆ 32 ಬರಲಿಲ್ಲ. ಇದನ್ನು ಬಚ್ಚಿಡುವುದು ಬೇಡ. ಆ ಸಂಜೆ ಮನೆಯಲ್ಲಿ ಅತ್ತುಬಿಟ್ಟೆ.

ಅದೇ ತಿಂಗಳ ಕೊನೆಗೆ ನನ್ನ ಕಡೆಯ ಅಬ್ಸರ್ವೇಶನ್. ಅದೇ ಅಸೆಸರ್, ಅದೇ ಪುಟ್ಟ ಕುರ್ಚಿ, ಹೊಸ ಹಾಳೆ, ನಡುವೆ ಗೆರೆ. ವಿಜ್ಞಾನದ ಪಾಠ. ಗಾಜಿನ ಸೀಸೆಯಲ್ಲಿ ಒದ್ದೆ ಹತ್ತಿಯ ಮೇಲೆ ಮಕ್ಕಳು ಹುರುಳಿಕಾಯಿ ಬೀಜ ಮೊಳೆಸಿದ್ದರು, ಕಂಡದ್ದನ್ನು ಬರೆಯಬೇಕು. ಹುಡುಗ ಸೀಸೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದ. ತಾರೀಕು ಬರೆದ, ಆರಕ್ಕೆ ಬಾಲ ಉಲ್ಟಾ ಹಾಕಿ. ಬಿಟ್ಟೆ. ಬೇರು ಎಂದು ಬರೆಯಬೇಕಾಗಿತ್ತು, ಇಂಗ್ಲಿಷಿನಲ್ಲಿ 'ರೂಟ್'. 'ರ್' ಬರೆದ. ನಿಂತ. ನಾನು ಕೈ ತೊಡೆಯ ಕೆಳಗೆ ಇಟ್ಟುಕೊಂಡೆ. ಒಂದು, ಎರಡು. ಅವನ ಕಿವಿ ಕೆಂಪಗಾಯಿತು. ನಾಲ್ಕು, ಐದು. ಅವನು ಮುಖ ತಿರುಗಿಸಿ ನನ್ನ ತುಟಿ ನೋಡಿದ. ನಾನು ಬಾಯಿ ತೆರೆಯುವವಳಿದ್ದೆ, ತೆರೆದೇಬಿಟ್ಟಿದ್ದೆ ಅನ್ನಿಸುತ್ತದೆ, ಯಾಕೆಂದರೆ ಅವನು ಅಂಗೈ ಎತ್ತಿ ನನ್ನ ಮುಖದ ಮುಂದೆ ಹಿಡಿದ.

"ಹೇಳಬೇಡಿ," ಅಂದ.

ಮೇಜಿನ ಮೇಲಿನ ಧ್ವನಿ ಹಾಳೆಯನ್ನು ಎಳೆದುಕೊಂಡ. ಬೆರಳಿನಿಂದ ಸಾಲು ಹಿಡಿದು ಹೋಗಿ, ಚಂದ್ರನ ಚಿತ್ರದ ಕೆಳಗೆ ಎರಡು ಸೊನ್ನೆಗಳಂತೆ ಪಕ್ಕಪಕ್ಕ ಕೂತ ಅಕ್ಷರಗಳನ್ನು ಕಂಡ. ತುಟಿ ಮುಂದೆ ಮಾಡಿ 'ಊ' ಅಂದ. ಬರೆದ. 'ಟ್' ಬರೆಯುವಾಗ ಪೆನ್ಸಿಲ್ ಒತ್ತಿ ಮೊನೆ ಮುರಿಯಿತು. ಎದ್ದು, ಕಿಟಕಿಯ ಬಳಿಗೆ ನಡೆದು ಹೋಗಿ, ತಾನೇ ಚೂಪು ಮಾಡಿಕೊಂಡು ಬಂದ.